ಶಾಲೆಯ ಬಾಗಿಲೂ ಪಾಠದ ಪುಸ್ತಕವೂ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿಚಾರ

೧. ಉಪೋದ್ಘಾತ

ಸರಕಾರದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಪ್ರವೇಶವುಂಟೆಂದು ಹೇಳುವ ಕಾಯಿದೆ ಒಂದು ಬಗೆಯದು. ಆ ಶಾಲೆಯಲ್ಲಿ ಪ್ರತಿಯೊಂದು ಮಗುವಿಗೂ ತಾನು ಓದಬಲ್ಲಂಥ, ತನಗೆ ತಿಳಿಯುವಂಥ, ತನ್ನನ್ನು ಹೊರಗಿಡದಂಥ ಪುಸ್ತಕವು ದೊರೆಯಬೇಕೆಂದು ಹೇಳುವ ಕಾಯಿದೆ ಮತ್ತೊಂದು ಬಗೆಯದು. ಮೊದಲನೆಯದನ್ನು ಬಾಗಿಲಿನ ಕಾಯಿದೆಯೆಂದೂ ಎರಡನೆಯದನ್ನು ಪುಸ್ತಕದ ಕಾಯಿದೆಯೆಂದೂ ಈ ಲೇಖನದಲ್ಲಿ ವ್ಯವಹರಿಸುವೆನು. ಇವೆರಡೂ ಒಂದೇ ಎಂಬ ಭ್ರಾಂತಿಯು ಬಹುಕಾಲದಿಂದ ನಮ್ಮಲ್ಲಿ ನೆಲೆಗೊಂಡಿದೆ. ಬಾಗಿಲು ತೆರೆದರೆ ವಿದ್ಯೆಯು ತಾನಾಗಿ ಕೈಸೇರುವದೆಂದು ಅಧಿಕಾರಿಗಳೂ ನಂಬಿದರು, ಜನರೂ ನಂಬಿದರು. ಇತಿಹಾಸವು ಹಾಗೆ ಹೇಳುವದಿಲ್ಲ. ನಮ್ಮ ಸೀಮೆಗೆ ಬಾಗಿಲಿನ ಅಪ್ಪಣೆಯು ೧೮೫೮ರಲ್ಲಿಯೇ ಬಂದಿತು. ಪುಸ್ತಕವೆಂಬ ಶಬ್ದವನ್ನೇ ಹಿಡಿದು ಮಾತನಾಡುವ ಕಾಯಿದೆಯು, ಇಲ್ಲಿ ವಿಚಾರಿಸುವ ಶಾಸನಗಳೊಳಗೆ, ೧೯೯೫ರಲ್ಲಿ ಕಾಣಿಸಿಕೊಂಡಿತು. ನಡುವಿನ ಅಂತರ ೧೩೭ ವರ್ಷಗಳು. ಈ ಅಂತರದಲ್ಲಿ ಎಷ್ಟು ಮಕ್ಕಳು ಒಳಗೆ ಕುಳಿತೂ ಹೊರಗುಳಿದರೆಂಬದೇ ಪ್ರಕೃತ ವಿಚಾರದ ಪ್ರಯೋಜನವು.

ನಿದರ್ಶನಕ್ಕಾಗಿ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲುಕುಗಳನ್ನು ಆರಿಸಿಕೊಂಡಿರುವೆನು. ಘಟಪ್ರಭೆಯ ನೀರುಂಡ ಈ ಸೀಮೆಯು ೧೮೧೮ರ ತರುವಾಯ ಕ್ರಮೇಣ ಕಂಪನಿ ಸರಕಾರದ ಮುಂಬಯಿ ಇಲಾಖೆಗೆ ಸೇರಿತು. ೧೯೫೬ನೆಯ ನವೆಂಬರ ೧ರಂದು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಆ ರಾಜ್ಯವು ೧೯೭೩ರಲ್ಲಿ ಕರ್ನಾಟಕವೆಂಬ ಹೆಸರನ್ನು ತಳೆಯಿತು. ಗೋಕಾಕವು ಹಳೆಯ ತಾಲುಕು. ಆದಿಲಶಾಹಿ ಕಾಲದ ಗುಮ್ಮಟಗಳುಳ್ಳ ಹುಕ್ಕೇರಿಯು ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ತಾಲುಕಿಗೆ ಸೇರಿದ ಪೇಟೆಯಾಗಿದ್ದು ಮುಂದೆ ತಾಲುಕಾಯಿತು. ಮೂಡಲಗಿಯು ಗೋಕಾಕ ತಾಲುಕಿನಲ್ಲಿದ್ದು ೨೦೧೮ರಲ್ಲಿ ಬೇರೆಯಾಯಿತು. ವಿದ್ಯಾಖಾತೆಯ ಲೆಕ್ಕದಲ್ಲಿ ಈ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಇಲ್ಲಿಯ ಮನೆಗಳಲ್ಲಿ ಕನ್ನಡವೇ ಹೆಚ್ಚು. ಮರಾಠಿಯನ್ನೂ ಉರ್ದುವನ್ನೂ ಆಡುವ ಮನೆಗಳು ನಡುನಡುವೆ ಇರುವವು. ಒಂದು ಕಾಯಿದೆಯು ಎಷ್ಟರಮಟ್ಟಿಗೆ ಸರ್ವರದು ಎಂಬುದನ್ನು ಒರೆಗೆ ಹಚ್ಚುವದಕ್ಕೆ ಇಂಥ ಗಡಿಸೀಮೆಯು ತಕ್ಕ ಒರೆಗಲ್ಲು.

೨. ಅಧಿಕಾರ ವಿಚಾರ

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನನಗೆ ಇಂಥ ವಿಷಯದಲ್ಲಿ ಮೊದಲು ನೆನಪಾಗುವದು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದ ಮೊದಲನೆಯ ಪಾದ. ಯಜ್ಞಕರ್ಮದಲ್ಲಿ ಅಧಿಕಾರವು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬ ವಿಚಾರವು ಅಲ್ಲಿ ನಡೆದಿದೆ. ಸ್ತ್ರೀ, ಶೂದ್ರ, ದ್ರವ್ಯಹೀನ, ಅಂಗಹೀನ ಎಂಬ ನಾಲ್ವರ ಪ್ರಶ್ನೆಯು ಒಂದಾದ ಮೇಲೊಂದು ಬರುವದು. ಸ್ತ್ರೀಗೆ ಅಧಿಕಾರವುಂಟೆಂದು ನಿರ್ಣಯವಾಯಿತು. ಬಡವನು ಇಂದಲ್ಲ ನಾಳೆ ದ್ರವ್ಯವನ್ನು ಸಂಪಾದಿಸಬಲ್ಲನಾದುದರಿಂದ ಅವನಿಗೂ ಉಂಟೆಂದಾಯಿತು. ಅಂಗವೈಕಲ್ಯವು ಪರಿಹಾರವಾಗುವಂಥದಾದರೆ ಅಧಿಕಾರವುಂಟು, ಪರಿಹಾರವಾಗದಂಥದಾದರೆ ಇಲ್ಲವೆಂದಾಯಿತು. ಶೂದ್ರನ ವಿಷಯದಲ್ಲಿ ಬಾದರಿಯೆಂಬ ಆಚಾರ್ಯನು ಸರ್ವರಿಗೂ ಅಧಿಕಾರವಿರಲೆಂದು ಹೇಳಿದನು. ಆದರೆ ಅವನ ಮಾತು ಪೂರ್ವಪಕ್ಷವಾಗಿಯೇ ಉಳಿದು, ಸಿದ್ಧಾಂತದಲ್ಲಿ ತಿರಸ್ಕೃತವಾಯಿತು. ಆ ತಿರಸ್ಕಾರದ ಫಲವನ್ನು ನಮ್ಮ ಸಮಾಜವು ಶತಮಾನಗಳವರೆಗೆ ಉಂಡಿತೆಂಬದನ್ನು ಶಾಸ್ತ್ರವನ್ನು ಓದಿದವರೇ ಮೊದಲು ಒಪ್ಪಿಕೊಳ್ಳತಕ್ಕದ್ದು.

ಅಲ್ಲಿಯ ವಿಚಾರವು ಯಜ್ಞದ್ದು, ಶಾಲೆಯದಲ್ಲ. ಆದರೂ ಅದರಿಂದ ಎರಡು ಮಾತುಗಳು ನಮಗೆ ಉಪಯುಕ್ತವಾಗುವವು. ಮೊದಲನೆಯದು: ಆ ನಾಲ್ವರೇ ವೇಷವನ್ನು ಬದಲಿಸಿಕೊಂಡು ಇಂದಿನ ಪ್ರತಿಯೊಂದು ಶಾಲಾ ಕಾಯಿದೆಯ ಮುಂದೆಯೂ ಬಂದು ನಿಲ್ಲುವರು. ಎರಡನೆಯದು: ಪ್ರಾಚೀನರು ಸಾಮರ್ಥ್ಯವು ಕರ್ತೃವಿನಲ್ಲಿಯೇ ಇರತಕ್ಕದ್ದೆಂದು ತಿಳಿದರು. ಕಣ್ಣಿಲ್ಲದವನು ಆಜ್ಯವನ್ನು ನೋಡಲಾರನು, ಆದುದರಿಂದ ಅನಧಿಕಾರಿ ಎಂಬ ಬಗೆಯ ತರ್ಕವದು. ಸಾಮರ್ಥ್ಯದ ಒಂದು ಭಾಗವು ಸಾಧನದಲ್ಲಿಯೂ ಇರಬಹುದಲ್ಲವೆ ಎಂಬ ಪ್ರಶ್ನೆಯು ಅಲ್ಲಿ ಮುಂದುವರಿಯಲಿಲ್ಲ. ಬೆರಳಿನಿಂದ ಓದುವ ಅಕ್ಷರವು ಹುಟ್ಟಿದ ಮೇಲೆ, ಓದಲಾರದವನೆಂದು ಕರೆಯಿಸಿಕೊಂಡವನು ಓದಬಲ್ಲವನಾದನು. ಅವನ ಕಣ್ಣು ಮೊದಲಿನಂತೆಯೇ ಇತ್ತು, ಬದಲಾದುದು ಪುಸ್ತಕ.

ಮೀಮಾಂಸಕರು ವಿಧಿಗೆ ಮೂರು ಆಕಾಂಕ್ಷೆಗಳನ್ನು ಹೇಳುವರು: ಏನನ್ನು ಸಾಧಿಸಬೇಕು, ಯಾವದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಈ ಮೂರೂ ತುಂಬಿದ ಹೊರತು ವಿಧಿವಾಕ್ಯವು ಪೂರ್ಣವಾಗದು. ಎಲ್ಲ ಮಕ್ಕಳೂ ಓದಲಿ ಎಂಬ ವಾಕ್ಯವು ಸಾಧ್ಯವನ್ನು ಮಾತ್ರ ಹೇಳಿತು. ಯಾವದರಿಂದ ಎಂಬ ಆಕಾಂಕ್ಷೆಯು ಹಾಗೆಯೇ ಉಳಿಯಿತು. ಈ ಅಳತೆಗೋಲನ್ನು ಹಿಡಿದು ಮುಂದಿನ ಇತಿಹಾಸವನ್ನು ನೋಡೋಣ.

೩. ಬಾಗಿಲಿನ ಕಾಯಿದೆಗಳು

ಮುಂಬಯಿ ಇಲಾಖೆಯ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು ೧೮೨೦ರ ದಶಕದಲ್ಲಿ ವಿದ್ಯಾವಿಷಯಕವಾಗಿ ಬರೆದ ಟಿಪ್ಪಣಿಯು ಪ್ರಸಿದ್ಧವಾದುದು. ಕೆಳಗಿನವೆಂದು ಎಣಿಸಲ್ಪಟ್ಟ ಜಾತಿಗಳ ಮಕ್ಕಳೇ ಮಿಶನರಿಗಳಿಗೆ ಉತ್ತಮ ಶಿಷ್ಯರಾಗಿ ದೊರೆತಿರುವರೆಂದು ಅವನು ಬಲ್ಲನು. ಆದರೂ ವಿದ್ಯೆಯು ಮೊದಲು ಅವರಲ್ಲಿ ಬೇರೂರಿದರೆ ಮೇಲಿನವರಿಗೆ ಹಬ್ಬದೆಂದು ಅಂಜಿ, ಅವರಿಗೆ ವಿಶೇಷ ಪ್ರೋತ್ಸಾಹವನ್ನು ಕೊಡುವದರಲ್ಲಿ ಎಚ್ಚರವಿರಬೇಕೆಂದು ಬರೆದನು. ಹೀಗೆ ಆರಂಭದಲ್ಲಿಯೇ ಬಾಗಿಲು ಅರೆತೆರೆದು ನಿಂತಿತು.

ಅರೆತೆರೆದ ಆ ಬಾಗಿಲನ್ನು ತಟ್ಟಿದವನು ನಮ್ಮ ಕರ್ನಾಟಕದವನೇ. ೧೮೫೬ನೆಯ ಜೂನಿನಲ್ಲಿ ಧಾರವಾಡದ ಮಹಾರ ಜಾತಿಯ ಬಾಲಕನೊಬ್ಬನು, ತಾನು ಎಲ್ಲರಂತೆ ಶುಲ್ಕವನ್ನು ಕೊಡಲು ಸಿದ್ಧನಾಗಿದ್ದರೂ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದನು. ಧಾರವಾಡವೂ ಬೆಳಗಾವಿಯೂ ಒಂದೇ ಇಲಾಖೆಯ ನೆರೆಯ ಜಿಲ್ಲೆಗಳಾದುದರಿಂದ ಅಲ್ಲಿಯ ತೀರ್ಪು ಗೋಕಾಕ ಹುಕ್ಕೇರಿಗಳ ಶಾಲೆಗಳಿಗೂ ತಗಲುವಂಥದು. ಮುಂಬಯಿ ಸರಕಾರವು ನ್ಯಾಯವು ಬಾಲಕನ ಕಡೆಗಿರುವದೆಂದು ಒಪ್ಪಿತು. ಒಪ್ಪಿಯೂ ಒಬ್ಬಿಬ್ಬರಿಗಾಗಿ ಯುಗಾಂತರದ ರೂಢಿಯನ್ನು ಕೆದಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯೆಂದು ಹೇಳಿ ಪ್ರವೇಶವನ್ನು ಕೊಡಲಿಲ್ಲ. ಹಿಂದುಸ್ಥಾನ ಸರಕಾರವು ೧೮೫೭ರಲ್ಲಿ, ಬಂಗಾಲದಲ್ಲಾದರೆ ಇಂಥ ನಿರಾಕರಣೆ ನಡೆಯದೆಂದು ಸೂಚಿಸಿತು. ಕಡೆಗೆ ೧೮೫೮ರಲ್ಲಿ ಲಂಡನ್ನಿನ ಡೈರೆಕ್ಟರರ ಸಭೆಯು, ಸರಕಾರದ ಹಣದಿಂದಲೇ ನಡೆಯುವ ಶಾಲೆಗಳು ಯಾವ ಭೇದವೂ ಇಲ್ಲದೆ ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು ಸ್ಥಿರಪಡಿಸಿತು.

ತತ್ತ್ವವು ಸ್ಥಿರವಾದರೂ ನಡತೆಯು ಸ್ಥಿರವಾಗಲಿಲ್ಲ. ಅದಕ್ಕೆ ಪ್ರಮಾಣವು ಕಾಯಿದೆಗಳ ಪುನರುಕ್ತಿಯೇ. ೧೮೮೨ರ ಹಂಟರ್ ಆಯೋಗವು ಅದೇ ತತ್ತ್ವವನ್ನು ಮತ್ತೆ ಹೇಳಬೇಕಾಯಿತು. ೧೯೨೩ರಲ್ಲಿ ಎಸ್. ಕೆ. ಬೋಲೆಯವರ ಸೂಚನೆಯ ಮೇರೆಗೆ ಮುಂಬಯಿ ಶಾಸನಸಭೆಯು ಕೆರೆ ಬಾವಿ ಧರ್ಮಶಾಲೆಗಳೊಂದಿಗೆ ಸಾರ್ವಜನಿಕ ಶಾಲೆಗಳೂ ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಿರಲೆಂದು ಮತ್ತೊಮ್ಮೆ ಠರಾವು ಮಾಡಬೇಕಾಯಿತು. ೧೯೫೦ರಲ್ಲಿ ಸಂವಿಧಾನವು ೧೭ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿ, ೨೯ನೆಯದರಿಂದ ಸರಕಾರದ ಅಥವಾ ಸರಕಾರದ ನೆರವಿನ ಶಾಲೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಗಳ ಮಾತ್ರದಿಂದ ಪ್ರವೇಶವನ್ನು ನಿರಾಕರಿಸಬಾರದೆಂದು ವಿಧಿಸಿತು. ತೊಂಬತ್ತೆರಡು ವರ್ಷಗಳಲ್ಲಿ ನಾಲ್ಕು ಸಲ ಹೇಳಿದ ಮಾತು, ಮೊದಲ ಮೂರು ಸಲ ನಡೆಯಲಿಲ್ಲವೆಂದೇ ಅರ್ಥ.

ನೆರೆಯ ಸಂಸ್ಥಾನದಲ್ಲಿ ಇದಕ್ಕಿಂತ ಚುರುಕಾದ ಕೆಲಸ ನಡೆಯಿತೆಂಬದನ್ನು ಹೇಳದಿರಲಾಗದು. ಗೋಕಾಕದ ಪಕ್ಕದ ರಾಯಬಾಗವು ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಅರಸರಾದ ಶಾಹೂ ಮಹಾರಾಜರು ೧೯೧೭ರಲ್ಲಿ ಪ್ರಾಥಮಿಕ ವಿದ್ಯೆಯನ್ನು ನಿಃಶುಲ್ಕವಾಗಿಯೂ ಕಡ್ಡಾಯವಾಗಿಯೂ ಮಾಡಿದರು. ೧೯೧೯ರಲ್ಲಿ ಅಸ್ಪೃಶ್ಯರಿಗೆಂದು ಬೇರೆ ನಡೆಯುತ್ತಿದ್ದ ಶಾಲೆಗಳನ್ನು ಮುಚ್ಚಿಸಿ ಆ ಮಕ್ಕಳನ್ನು ಎಲ್ಲರ ಶಾಲೆಗೆ ಸೇರಿಸಲು ಅಪ್ಪಣೆಮಾಡಿದರು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರ ೧೯೧೮ರ ಕಾಯಿದೆಯು ನಗರಸಭೆಗಳಿಗೆ ಕಡ್ಡಾಯ ಶಿಕ್ಷಣವನ್ನು ಮಾಡುವ ಅಧಿಕಾರವನ್ನು ಕೊಟ್ಟಿತು. ೧೯೨೩ರ ಕಾಯಿದೆಯು ಪ್ರಾಥಮಿಕ ಶಾಲೆಗಳ ಭಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ೧೯೪೭ರ ಕಾಯಿದೆಯು ಅದರ ಸ್ಥಾನದಲ್ಲಿ ಬಂದಿತು. ಏಕೀಕರಣದ ನಂತರ ಮೈಸೂರು ರಾಜ್ಯದ ೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯು ಈ ಸೀಮೆಗೂ ಅನ್ವಯಿಸಿತು. ಇವೆಲ್ಲವುಗಳ ತಿರುಳು ಬಾಗಿಲು, ಹಾಜರಿ ಮತ್ತು ಖರ್ಚು. ಮಗುವಿನ ಕೈಯಲ್ಲಿರುವ ಪುಸ್ತಕವು ಆ ಮಗುವಿಗೆ ತಕ್ಕುದೋ ಎಂಬ ಪ್ರಶ್ನೆಯು ಇವುಗಳ ಹೊರಗೇ ಉಳಿಯಿತು.

೪. ಪುಸ್ತಕದ ಭಾಷೆ

ಈ ಹೊರಗುಳಿದ ಪ್ರಶ್ನೆಯು ನಮ್ಮ ಸೀಮೆಯಲ್ಲಿ ಮೊದಲು ಎದ್ದುದು ಭಾಷೆಯ ರೂಪದಲ್ಲಿ. ಪೇಶವೆಯರ ಆಳಿಕೆಯಲ್ಲಿ ದಫ್ತರದ ಭಾಷೆಯು ಮರಾಠಿ, ಲೆಕ್ಕಪತ್ರದ ಲಿಪಿಯು ಮೋಡಿ. ಕಂಪನಿ ಸರಕಾರವು ಈ ಪ್ರಾಂತಕ್ಕೆ ದಕ್ಷಿಣ ಮರಾಠಾ ಸೀಮೆಯೆಂದೇ ಹೆಸರಿಟ್ಟಿತು. ಹೆಸರು ಹಾಗಾದ ಮೇಲೆ ಶಾಲೆಯೂ ಹಾಗೆಯೇ ಆಯಿತು. ಮುಂಬಯಿಯಲ್ಲಿ ಮುದ್ರಿತವಾದ ಪಾಠಪುಸ್ತಕಗಳು ಮುಖ್ಯವಾಗಿ ಮರಾಠಿ ಗುಜರಾತಿಗಳಲ್ಲಿದ್ದವು. ಐಗಳ ಮಠದಲ್ಲಿ ಉಸುಕಿನ ಮೇಲೆ ಕನ್ನಡದ ಓನಾಮವನ್ನು ತಿದ್ದಿದ ರೈತನ ಮಗನು ಸರಕಾರಿ ಶಾಲೆಗೆ ಬಂದರೆ ಅವನ ಕೈಗೆ ಬರುತ್ತಿದ್ದುದು ಮರಾಠಿಯ ಬಾಲಬೋಧ ಪುಸ್ತಕ. ಬಾಗಿಲು ಅವನಿಗೆ ತೆರೆದೇ ಇತ್ತು. ಪುಸ್ತಕವು ಮುಚ್ಚಿತ್ತು.

ವಾಲ್ಟರ್ ಎಲಿಯಟ್ ಮೊದಲಾದ ಕೆಲವು ಅಧಿಕಾರಿಗಳು ಕನ್ನಡ ನಾಡಿನ ಭಾಷೆ ಕನ್ನಡವೆಂಬ ಸುಲಭಸತ್ಯವನ್ನು ಮನಗಂಡು ಧಾರವಾಡದ ಕಡೆಗೆ ಕನ್ನಡ ಶಾಲೆಗಳಿಗೆ ನೆರವಾದರು. ವಿದ್ಯಾಖಾತೆಯ ರಸೆಲ್ ಸಾಹೇಬರೂ, ಷೇಕ್ಸ್‌ಪಿಯರನ ನಾಟಕವೊಂದನ್ನು ೧೮೭೧ರಲ್ಲಿ ನಗದವರನ್ನು ನಗಿಸುವ ಕಥೆಯೆಂದು ಕನ್ನಡಕ್ಕೆ ತಂದ ಡೆಪ್ಯುಟಿ ಚನ್ನಬಸಪ್ಪನವರೂ ಬೆಳಗಾವಿ ಧಾರವಾಡ ಪ್ರಾಂತಗಳಲ್ಲಿ ಕನ್ನಡ ಶಾಲೆಗಳನ್ನೂ ಕನ್ನಡ ಪುಸ್ತಕಗಳನ್ನೂ ಬೆಳೆಯಿಸಿದರು. ೧೮೮೧ರಲ್ಲಿ ಚನ್ನಬಸಪ್ಪನವರು ತೀರಿಕೊಂಡರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿ ಗ್ರಂಥರಚನೆಯ ಕೆಲಸವನ್ನು ಕೈಗೆತ್ತಿಕೊಂಡಿತು. ಇಲ್ಲಿ ಲಕ್ಷ್ಯವಿಡತಕ್ಕ ಸಂಗತಿಯೊಂದುಂಟು. ಕನ್ನಡದ ಮಗುವಿನ ಕೈಗೆ ಕನ್ನಡ ಪುಸ್ತಕವು ಬಂದುದು ಕಾಯಿದೆಯ ಬಲದಿಂದಲ್ಲ, ಕೆಲವರ ಹಟದಿಂದ. ಅಂಥ ಹಟವಾದಿಯಿಲ್ಲದ ಊರಿನ ಮಗುವಿಗೆ ಕೇಳುವ ಹಕ್ಕೇ ಇರಲಿಲ್ಲ.

ಆ ಹಕ್ಕು ದೊರೆತುದು ೧೯೫೬ರಲ್ಲಿ. ರಾಜ್ಯಗಳ ಪುನರ್ರಚನೆಯ ಜೊತೆಗೆ ಆದ ಸಂವಿಧಾನದ ಏಳನೆಯ ತಿದ್ದುಪಡಿಯು ೩೫೦ಎ ಎಂಬ ಅನುಚ್ಛೇದವನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಘಟ್ಟದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ತಕ್ಕ ಸೌಕರ್ಯಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಿತು. ಕಾಲದ ವೈಚಿತ್ರ್ಯವನ್ನು ನೋಡಬೇಕು. ಅದೇ ವರ್ಷ ಹುಕ್ಕೇರಿಯ ಕನ್ನಡಿಗನು ಕನ್ನಡ ರಾಜ್ಯದ ಬಹುಸಂಖ್ಯಾತನಾದನು. ಅವನ ನೆರೆಮನೆಯ ಮರಾಠಿಗನು ಅಲ್ಪಸಂಖ್ಯಾತನಾದನು. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಮುಂಬಯಿ ಸರಕಾರದ ಮುಂದೆ ಮಂಡಿಸಿದ ಯುಕ್ತಿಯನ್ನೇ ಅವನು ಈಗ ನಮ್ಮ ಮುಂದೆ ಮಂಡಿಸಬಹುದು. ಅಂದು ನಮ್ಮ ಬಾಯಲ್ಲಿ ನ್ಯಾಯವಾಗಿದ್ದ ಮಾತು ಇಂದು ಅವನ ಬಾಯಲ್ಲಿ ಅನ್ಯಾಯವಾಗಲಾರದು. ಕರ್ನಾಟಕ ಸರಕಾರವು ಕನ್ನಡದೊಂದಿಗೆ ಮರಾಠಿ, ಉರ್ದು, ತಮಿಳು, ತೆಲುಗು ಮೊದಲಾದ ಮಾಧ್ಯಮಗಳಲ್ಲಿಯೂ ಪಾಠಪುಸ್ತಕಗಳನ್ನು ಅಚ್ಚುಹಾಕಿಸುತ್ತಿರುವದು ಈ ನ್ಯಾಯಕ್ಕೆ ತಕ್ಕ ನಡತೆ. ಹಾಗೆಯೇ ಗಡಿಯಾಚೆಯ ಜತ್ತ, ಅಕ್ಕಲಕೋಟೆಗಳ ಕನ್ನಡದ ಮಕ್ಕಳಿಗಾಗಿ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಕನ್ನಡ ಪುಸ್ತಕಗಳನ್ನು ಪ್ರಕಟಿಸುವದು. ಎರಡು ಕಡೆಯ ಮಕ್ಕಳ ಹಕ್ಕೂ ಒಂದೇ ತಕ್ಕಡಿಯಲ್ಲಿ ತೂಗುವಂಥದು.

ಮಾತೃಭಾಷೆಯ ಮಾತು ೨೦೦೯ರ ಶಿಕ್ಷಣಹಕ್ಕಿನ ಕಾಯಿದೆಯ ೨೯ನೆಯ ಕಲಮಿನಲ್ಲಿಯೂ ಬಂದಿದೆ; ಆದರೆ ಸಾಧ್ಯವಾದಮಟ್ಟಿಗೆ ಎಂಬ ವಿಶೇಷಣದೊಡನೆ. ೨೦೧೪ನೆಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು, ಪ್ರಾಥಮಿಕ ಘಟ್ಟದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಬಲಾತ್ಕಾರದಿಂದ ಹೇರಲಾಗದೆಂದು ಕರ್ನಾಟಕದ ವ್ಯಾಜ್ಯದಲ್ಲಿಯೇ ತೀರ್ಮಾನಿಸಿತು. ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯಿದೆಯು ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲು ವಿಧಿಸಿತು. ಕಲಿಯಬೇಕೆಂಬ ವಿಧಿಯಿದ್ದಲ್ಲಿ, ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಹೊಂದುವ ಪುಸ್ತಕವೂ ಬೇಕೆಂಬ ಆಕಾಂಕ್ಷೆಯು ತಾನಾಗಿ ಏಳುವದು.

ಕನ್ನಡದ ಮಗುವಿಗಾದರೂ ಎಲ್ಲವೂ ಸುಗಮವೆಂದು ತಿಳಿಯಬಾರದು. ಗೋಕಾಕದ ಮಗುವಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾಯಿಪಲ್ಯ ಗೊತ್ತು. ಗ್ರಾಂಥಿಕ ಭಾಷೆಯು ಈರುಳ್ಳಿ, ಬೆಳ್ಳುಳ್ಳಿ, ತರಕಾರಿ ಎನ್ನುವದು. ಎರಡೂ ಕನ್ನಡವೇ. ಆದರೆ ಮನೆಯ ಶಬ್ದವು ಪುಸ್ತಕದಲ್ಲಿ ಎಂದೂ ಕಾಣದಿದ್ದರೆ, ತನ್ನ ಮಾತು ತಪ್ಪೆಂಬ ಭಾವನೆಯು ಮಗುವಿನಲ್ಲಿ ಬಲಿಯುವದು. ಇದು ಕಾಯಿದೆಗೆ ಎಟುಕದ ಸೂಕ್ಷ್ಮವೆನ್ನಬಹುದು. ಪುಸ್ತಕ ಬರೆಯುವವರಿಗೆ ಎಟುಕದ ಸೂಕ್ಷ್ಮವೇನೂ ಅಲ್ಲ.

೫. ಪುಸ್ತಕದ ರೂಪ

ಭಾಷೆಯು ತಿಳಿದರೂ ಅಕ್ಷರವು ಕಾಣದ ಮಗುವಿನ ಗತಿಯೇನು? ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಶಾಲೆಗೆ ಸುಭಾಷಿತಗಳನ್ನು ಹೇಳಿಕೊಡಲು ಹೋಗಿದ್ದೆನು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಒಮ್ಮೆ ಕೇಳಿದ ಶ್ಲೋಕವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಶ್ರುತಪರಂಪರೆಯಲ್ಲಿ ಬೆಳೆದ ನಾನು ಹಿಗ್ಗಿ, ಪುಸ್ತಕದ ಹಂಗಿಲ್ಲದ ವಿದ್ಯೆಯೇ ವಿದ್ಯೆಯೆಂದು ಎಲ್ಲರೆದುರಿಗೆ ಹೊಗಳಿದೆನು. ತರಗತಿ ಮುಗಿದ ಮೇಲೆ ಅವಳು ಮೆಲ್ಲನೆ ಬಂದು, “ಗುರುಗಳ್ರೀ, ನನಗ ಸಣ್ಣ ಅಕ್ಷರ ಕಾಣಂಗಿಲ್ರೀ. ಅದಕ್ಕ ಕೇಳಿ ಕಲೀತೀನ್ರಿ” ಎಂದಳು. ನಾನು ಗುಣವೆಂದು ಹೊಗಳಿದುದು ಅವಳಿಗೆ ಗತ್ಯಂತರವಿಲ್ಲದ ಉಪಾಯವಾಗಿತ್ತು. ಪಕ್ಕದ ಗೆಳತಿಯು ಓದಿ ಹೇಳಿದಷ್ಟು ದಿನ ಅವಳ ವಿದ್ಯೆ. ಗೆಳತಿಯು ಬಾರದ ದಿನ ಅನಧ್ಯಾಯ. ದೊಡ್ಡ ಅಕ್ಷರದ ಪುಸ್ತಕವೊಂದಿದ್ದರೆ ಅವಳು ಯಾರ ಹಂಗೂ ಇಲ್ಲದೆ ಓದಬಲ್ಲವಳಾಗಿದ್ದಳು. ಆ ದಿನದಿಂದ ಈ ವಿಷಯವು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಫ್ರಾನ್ಸಿನ ಲೂಯಿ ಬ್ರೈಲನು ೧೮೨೯ರಲ್ಲಿ ಉಬ್ಬುಚುಕ್ಕೆಗಳ ತನ್ನ ಲಿಪಿಯನ್ನು ಪ್ರಕಟಿಸಿದನು. ಭಾರತದ ಭಾಷೆಗಳಿಗೆ ಬೇರೆಬೇರೆ ಪದ್ಧತಿಗಳು ಬಳಕೆಯಲ್ಲಿದ್ದು, ೧೯೫೧ರಲ್ಲಿ ಭಾರತಿ ಬ್ರೈಲ್ ಎಂಬ ಏಕಪದ್ಧತಿಯು ನೆಲೆಗೊಂಡಿತು. ಕನ್ನಡದ ಬ್ರೈಲ್ ಅದರ ಅಂಗವೇ. ಲಿಪಿಯು ಸಿದ್ಧವಾದರೂ ಪುಸ್ತಕವನ್ನು ಕೊಡಲೇಬೇಕೆಂಬ ವಿಧಿಯು ತಡವಾಗಿ ಬಂದಿತು. ೧೯೯೫ರ ಅಂಗವಿಕಲರ ಕಾಯಿದೆಯು ಹದಿನೆಂಟು ವರ್ಷದವರೆಗೆ ನಿಃಶುಲ್ಕ ಶಿಕ್ಷಣವನ್ನು ಹೇಳಿ, ಅಂಥ ಮಕ್ಕಳಿಗೆ ಬೇಕಾದ ವಿಶೇಷ ಪುಸ್ತಕಗಳನ್ನೂ ಉಪಕರಣಗಳನ್ನೂ ಬೆಲೆಯಿಲ್ಲದೆ ಒದಗಿಸುವ ಯೋಜನೆಗಳ ಮಾತನ್ನೆತ್ತಿತು. ೨೦೧೦ರಲ್ಲಿ ಜಾರಿಗೆ ಬಂದ ಶಿಕ್ಷಣಹಕ್ಕಿನ ಕಾಯಿದೆಯ ಕೇಂದ್ರದ ಮಾದರಿ ನಿಯಮಗಳು ಸರಕಾರಿ ಶಾಲೆಯ ಮಗುವಿಗೆ ಪಾಠಪುಸ್ತಕ, ಬರೆಯುವ ಸಾಮಗ್ರಿ, ಸಮವಸ್ತ್ರಗಳನ್ನು ಹೇಳಿದ ಕಡೆಯಲ್ಲಿಯೇ, ಅಂಗವಿಕಲ ಮಗುವಿಗೆ ವಿಶೇಷ ಕಲಿಕೆಯ ಸಾಮಗ್ರಿಯನ್ನೂ ಕೊಡತಕ್ಕದ್ದೆಂದು ಸೇರಿಸಿದವು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ತನ್ನ ೧೭ನೆಯ ಕಲಮಿನಲ್ಲಿ, ನಿಗದಿತ ಪ್ರಮಾಣದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಪುಸ್ತಕ, ಇತರ ಕಲಿಕಾ ಸಾಮಗ್ರಿ, ತಕ್ಕ ಸಾಧನಗಳನ್ನು ಹದಿನೆಂಟು ವರ್ಷದವರೆಗೆ ಉಚಿತವಾಗಿ ಕೊಡಬೇಕೆಂದು ಸರಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ವಿಧಿಸಿತು. ಜೈಮಿನಿಯ ಅಂಗಹೀನಾಧಿಕರಣದಲ್ಲಿ ಇಲ್ಲದ ಪ್ರತಿಜ್ಞೆಯಿದು: ವೈಕಲ್ಯವು ಪರಿಹಾರವಾಗುವದೋ ಇಲ್ಲವೋ ಎಂದು ಕೇಳುವ ಮುಂಚೆ, ಸಾಧನವನ್ನು ಕೊಟ್ಟಿರುವೆಯೋ ಇಲ್ಲವೋ ಎಂದು ಕೇಳಬೇಕು.

ಇದರ ನಡುವೆ ಇನ್ನೊಂದು ಅಡ್ಡಗೋಡೆಯೂ ಬಿದ್ದಿತು. ಗ್ರಂಥಸ್ವಾಮ್ಯದ ಕಾಯಿದೆಯ ಭಯದಿಂದ ಅಚ್ಚಿನ ಪುಸ್ತಕವನ್ನು ಬ್ರೈಲಿಗೋ ಧ್ವನಿಗೋ ಪರಿವರ್ತಿಸುವವರು ಹಿಂಜರಿಯುತ್ತಿದ್ದರು. ೨೦೧೨ರ ತಿದ್ದುಪಡಿಯು ಅಂಗವಿಕಲರಿಗಾಗಿ ಮಾಡುವ ಇಂಥ ಪರಿವರ್ತನೆಯನ್ನು ಅಪರಾಧದ ಹೊರಗಿಟ್ಟಿತು. ೨೦೧೩ರಲ್ಲಿ ಮರಾಕೇಶದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಇದೇ ತತ್ತ್ವವನ್ನು ಲೋಕಕ್ಕೆ ಸಾರಿತು. ೨೦೧೪ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರಪಡಿಸಿದ ದೇಶವು ಭಾರತ. ಕಿವಿ ಕೇಳದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಭಾರತೀಯ ಸಂಜ್ಞಾಭಾಷೆಗೆ ತರುವ ಒಪ್ಪಂದವನ್ನು ಕೇಂದ್ರದ ಎರಡು ಸಂಸ್ಥೆಗಳು ೨೦೨೦ರಲ್ಲಿ ಮಾಡಿಕೊಂಡವು.

ವಿಧಿಯು ದೆಹಲಿಯಲ್ಲಿ ಹುಟ್ಟಿದರೂ ಪುಸ್ತಕವು ಮಗುವನ್ನು ಮುಟ್ಟುವದು ತಾಲುಕಿನಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ವಲಯಗಳ ಕ್ಷೇತ್ರ ಸಂಪನ್ಮೂಲ ಕೇಂದ್ರಗಳೇ ಇದರ ಕೊನೆಯ ಮೆಟ್ಟಿಲು. ಸಾಮಾನ್ಯ ಪುಸ್ತಕದ ಬೇಡಿಕೆಯು ಮಕ್ಕಳ ಸಂಖ್ಯೆಯಿಂದ ತಾನಾಗಿ ಏಳುವದು. ಬ್ರೈಲ್ ಪುಸ್ತಕದ, ದೊಡ್ಡ ಅಕ್ಷರದ ಪುಸ್ತಕದ ಬೇಡಿಕೆಯು ಯಾರಾದರೂ ಆ ಒಂದು ಮಗುವನ್ನು ಗುರುತಿಸಿ ಬರೆದಾಗಲೇ ಏಳುವದು. ನಾನು ಕಂಡ ಹುಡುಗಿಯ ವಿಷಯದಲ್ಲಿ ಕಾಯಿದೆಯ ಕೊರತೆಯಿರಲಿಲ್ಲ. ಗುರುತಿಸುವ ಕಣ್ಣಿನ ಕೊರತೆಯಿತ್ತು, ಮತ್ತು ಆ ಕಣ್ಣು ನನಗೂ ಇರಲಿಲ್ಲ.

ಗೋಕಾಕದ ಬಣ್ಣದ ಗೊಂಬೆಗಳು ನಾಡಿಗೆಲ್ಲ ಪ್ರಸಿದ್ಧವಾದವು. ಅಲ್ಲಿಯ ಕಲಾವಿದರು ಮಾಡಿದ ಹಣ್ಣುಕಾಯಿಗಳನ್ನು ನೋಡಿದವರು ನಿಜವೆಂದು ಮೋಸಹೋಗುವದುಂಟು. ಚಿತ್ರವನ್ನು ಕಾಣಲಾರದ ಮಗುವಿನ ಕೈಗೆ ಇಂಥ ಮಾವು, ಬಾಳೆ, ಸೀತಾಫಲಗಳನ್ನು ಕೊಟ್ಟು ಪಾಠವನ್ನು ಹೇಳಿದರೆ ಬೆರಳೇ ಕಣ್ಣಾಗುವದು. ಸಾಧನವು ಊರಿನಲ್ಲಿಯೇ ಇರುವಾಗ ದೂರದಿಂದ ಬರಲೆಂದು ಕಾಯತಕ್ಕದ್ದೇನು?

೬. ಪುಸ್ತಕದ ವಿಷಯ

ಭಾಷೆಯೂ ರೂಪವೂ ಸರಿಯಾದ ಮೇಲೆ ಮೂರನೆಯ ಪ್ರಶ್ನೆಯು ಉಳಿಯುವದು. ಪುಸ್ತಕದ ಒಳಗೆ ಯಾರಿರುವರು, ಯಾರಿಲ್ಲ? ಬೇರೆ ದೇಶಗಳಲ್ಲಿ ಇದನ್ನೇ ನೇರವಾಗಿ ಕಾಯಿದೆಯ ವಿಷಯವಾಗಿ ಮಾಡಿರುವರು. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೧ರಲ್ಲಿ, ಅಂಗವಿಕಲರು, ಲಿಂಗಾಲ್ಪಸಂಖ್ಯಾತರು ಮೊದಲಾದವರು ದೇಶಕ್ಕೆ ಮಾಡಿದ ಸೇವೆಯನ್ನು ಸಾರ್ವಜನಿಕ ಶಾಲೆಗಳ ಸಮಾಜಪಾಠದಲ್ಲಿ ಸೇರಿಸಬೇಕೆಂದು ಶಾಸನವನ್ನು ಮಾಡಿತು. ೨೦೨೩ರಲ್ಲಿ, ಇಂಥವರ ವಿಷಯವಿದೆಯೆಂಬ ಕಾರಣದಿಂದ ಸ್ಥಳೀಯ ಶಾಲಾಮಂಡಳಿಗಳು ಪುಸ್ತಕಗಳನ್ನು ತೆಗೆದುಹಾಕಬಾರದೆಂದು ಮತ್ತೊಂದು ಶಾಸನವನ್ನು ಮಾಡಿತು. ಒಳಗೆ ಸೇರಿಸುವ ವಿಧಿಯೂ ಹೊರಗೆ ಹಾಕಬಾರದೆಂಬ ನಿಷೇಧವೂ ಅಲ್ಲಿ ಜೊತೆಯಾಗಿರುವವು.

ನಮ್ಮಲ್ಲಿ ೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯು ಸ್ತ್ರೀಸಮಾನತೆಗೆ ತಕ್ಕಂತೆ ಪಠ್ಯಕ್ರಮವನ್ನೂ ಪುಸ್ತಕಗಳನ್ನೂ ತಿದ್ದಬೇಕೆಂದಿತು. ಆದರೆ ನೀತಿಯು ಕಾಯಿದೆಯಲ್ಲ. ಕಾಯಿದೆಯ ಮಾತು ೨೦೦೯ರದು: ಪಠ್ಯಕ್ರಮವು ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರತಕ್ಕದ್ದೆಂದು ಅದೇ ೨೯ನೆಯ ಕಲಮು ಹೇಳುವದು. ೨೦೧೯ರ ತೃತೀಯಲಿಂಗಿಗಳ ಕಾಯಿದೆಯು ಶಿಕ್ಷಣಸಂಸ್ಥೆಗಳು ಅವರನ್ನು ಒಳಗೊಳ್ಳುವ ಶಿಕ್ಷಣವನ್ನು ಕೊಡಬೇಕೆಂದಿತು. ಈ ಮಾತುಗಳು ಉದಾತ್ತವಾದವು. ಆದರೆ ಅವುಗಳನ್ನು ಪಾಠದ ಪುಟದ ಮಟ್ಟಕ್ಕೆ ಇಳಿಸುವ ಇತಿಕರ್ತವ್ಯತೆಯನ್ನು ಕಾಯಿದೆಯು ಹೇಳುವದಿಲ್ಲ. ಆದುದರಿಂದ ಆ ಕೆಲಸವು ಸರಕಾರದ ಅಪ್ಪಣೆಯಿಂದ ನೇಮಕವಾಗುವ ಸಮಿತಿಗಳ ಪಾಲಿಗೆ ಬಂದಿದೆ. ಕರ್ನಾಟಕದ ಪುಸ್ತಕಗಳು ೨೦೧೭ರ ಸುಮಾರಿಗೆ ಒಮ್ಮೆ, ೨೦೨೨ರಲ್ಲಿ ಮತ್ತೊಮ್ಮೆ, ೨೦೨೩ರಲ್ಲಿ ಮಗುದೊಮ್ಮೆ ಪರಿಷ್ಕೃತವಾದವು. ಯಾವ ಪರಿಷ್ಕರಣವು ಉತ್ತಮವೆಂಬ ವಾದವು ಇಲ್ಲಿ ಅಪ್ರಸ್ತುತ. ಸಮಿತಿಯೊಡನೆ ಬಂದ ಪಾಠವು ಸಮಿತಿಯೊಡನೆ ಹೋಗುವದು; ಹಕ್ಕಾಗಿ ಬಂದ ಪಾಠವು ಮಾತ್ರ ನಿಲ್ಲುವದು. ಇಷ್ಟೇ ನನ್ನ ಅಭಿಪ್ರಾಯ.

ಈ ಮೂರು ತಾಲುಕುಗಳ ಮಕ್ಕಳನ್ನೇ ಕಣ್ಣಮುಂದೆ ತಂದುಕೊಳ್ಳಬೇಕು. ಕಬ್ಬಿನ ಸುಗ್ಗಿಯಲ್ಲಿ ತಂದೆತಾಯಿಗಳೊಡನೆ ಊರು ಬಿಟ್ಟು ಹೋಗಿ ಬರುವ ಮಗು, ಗೋಕಾಕ ಫಾಲ್ಸಿನ ಗಿರಣಿಯ ಕೆಲಸಗಾರನ ಮನೆಯ ಮಗು, ಕುರಿಗಳ ಹಿಂದೆ ಅಲೆಯುವ ಮನೆಯ ಮಗು ಇಲ್ಲಿ ಉಂಟು. ದೇವರ ಹೆಸರಿನಲ್ಲಿ ಬಿಡಲ್ಪಟ್ಟ ತಾಯಂದಿರ ಮಕ್ಕಳೂ ಈ ಭಾಗದಲ್ಲಿರುವರು. ಆ ರೂಢಿಯನ್ನು ೧೯೮೨ರ ದೇವದಾಸಿ ನಿಷೇಧ ಕಾಯಿದೆಯು ತಡೆದರೂ ಆ ಮಕ್ಕಳು ಓದುವ ಪುಸ್ತಕದ ಗೊಡವೆಗೆ ಅದು ಹೋಗಲಿಲ್ಲ. ನನ್ನ ಮನೆ ಎಂಬ ಪಾಠದಲ್ಲಿ ತಂದೆ ಕುರ್ಚಿಯಲ್ಲಿ, ತಾಯಿ ಅಡಿಗೆಮನೆಯಲ್ಲಿ ಇರುವ ಚಿತ್ರವೊಂದೇ ಇದ್ದರೆ, ತಾಯಿಯೊಬ್ಬಳೇ ದುಡಿದು ಸಾಕುವ ಮನೆಯ ಮಗುವು ತನ್ನದು ಮನೆಯಲ್ಲವೆಂದು ತಿಳಿಯದಿದ್ದೀತೆ? ಆ ಪುಟವನ್ನು ಬರೆದವನಿಗೆ ಕೆಟ್ಟ ಉದ್ದೇಶವಿರಲಾರದು. ಅವನು ಕಂಡ ಮನೆಯನ್ನು ಬರೆದನು. ಕಾಣದ ಮನೆಯು ಬಿಟ್ಟುಹೋಯಿತು. ೧೮೫೬ರ ಬಾಲಕನನ್ನು ಹೊರಗೆ ನಿಲ್ಲಿಸಿದವರು ಬಾಗಿಲಲ್ಲಿ ನಿಂತು ತಡೆದರು. ಈ ಮಗುವನ್ನು ಯಾರೂ ತಡೆಯುವದಿಲ್ಲ. ಅದು ಒಳಗೆ ಬಂದು ಪುಸ್ತಕವನ್ನು ತೆರೆದು, ಅಲ್ಲಿ ತನ್ನನ್ನು ಕಾಣದೆ ತಾನೇ ಹೊರಗಾಗುವದು.

೭. ಉಪಸಂಹಾರ

ಈವರೆಗಿನ ವಿಚಾರದ ತಾತ್ಪರ್ಯವಿಷ್ಟು. ಬಾಗಿಲಿನ ಕಾಯಿದೆಯು ನಮ್ಮಲ್ಲಿ ಹಳೆಯದೂ ದೃಢವೂ ಆದುದು. ಪುಸ್ತಕದ ಕಾಯಿದೆಯು ಹೊಸದು. ಅದರೊಳಗೂ ರೂಪವನ್ನು ಕುರಿತ ವಿಧಿಯು ಸ್ಪಷ್ಟ, ಭಾಷೆಯನ್ನು ಕುರಿತ ವಿಧಿಯು ಮಧ್ಯಮ, ವಿಷಯವನ್ನು ಕುರಿತ ವಿಧಿಯು ದುರ್ಬಲ. ಬಾಗಿಲಿನ ಮಾತನ್ನು ನಾಲ್ಕು ಸಲ ಹೇಳಬೇಕಾಯಿತೆಂಬ ಇತಿಹಾಸವನ್ನು ನೆನೆದರೆ, ಪುಸ್ತಕದ ಮಾತೂ ಒಂದೇ ಸಲಕ್ಕೆ ನಡೆಯುವದೆಂದು ಭಾವಿಸಿ ಸುಮ್ಮನಿರಲಾಗದು.

ಊರಿನವರ ಕೈಯಲ್ಲಿಯೂ ಒಂದು ಉಪಾಯವುಂಟು. ೨೦೦೯ರ ಕಾಯಿದೆಯ ೨೧ನೆಯ ಕಲಮಿನ ಮೇರೆಗೆ ಪ್ರತಿಯೊಂದು ಸರಕಾರಿ ಶಾಲೆಗೂ ಪಾಲಕರೇ ಹೆಚ್ಚಾಗಿರುವ ಸಮಿತಿಯಿರತಕ್ಕದ್ದು. ನಮ್ಮಲ್ಲಿ ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆನ್ನುವರು. ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಬರೆಯುವದು ಅದರ ಕರ್ತವ್ಯಗಳಲ್ಲೊಂದು. ಗೋಡೆ, ಹಂಚು, ನಳದ ನೀರುಗಳ ಯಾದಿಯ ಕೆಳಗೆ ಪ್ರತಿ ವರ್ಷವೂ ಮೂರು ಪ್ರಶ್ನೆಗಳನ್ನು ಬರೆಯಲಿ: ಪುಸ್ತಕದ ಭಾಷೆ ತಿಳಿಯದ ಮಗು ಯಾವದು? ಪುಸ್ತಕದ ಅಕ್ಷರ ಮುಟ್ಟದ ಮಗು ಯಾವದು? ಪುಸ್ತಕದಲ್ಲಿ ತನ್ನ ಮನೆಯನ್ನು ಕಾಣದ ಮಗು ಯಾವದು? ಮೂರಕ್ಕೂ ಉತ್ತರವನ್ನು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿದ ದಿನ ಕಾಯಿದೆಯು ತಾಲುಕಿಗೆ ಇಳಿದಂತಾಗುವದು.

ಸರ್ವರಿಗೂ ಅಧಿಕಾರವೆಂದು ಹೇಳಿದ ಬಾದರಿಯು ತನ್ನ ಕಾಲದಲ್ಲಿ ಸೋತನು. ಶತಮಾನಗಳ ಮೇಲೆ ಅವನ ಪೂರ್ವಪಕ್ಷಕ್ಕೆ ಸಮಾನವಾದ ತತ್ತ್ವವೇ ನಮ್ಮ ಸಂವಿಧಾನದಲ್ಲಿ ಸಿದ್ಧಾಂತವಾಯಿತು. ಸಿದ್ಧಾಂತವಾದ ಮಾತನ್ನು ಅನುಷ್ಠಾನಕ್ಕೆ ತರುವದು ಉಳಿದವರ ಹೊಣೆ. ಸಣ್ಣ ಅಕ್ಷರ ಕಾಣದ ಆ ಹುಡುಗಿಯ ಕೈಗೆ ತಕ್ಕ ಪುಸ್ತಕವು ಬರುವವರೆಗೆ ನಮ್ಮ ವಿಧಿವಾಕ್ಯವು ಸಾಕಾಂಕ್ಷವಾಗಿಯೇ ಇರುವದೆಂಬದನ್ನು ಪ್ರಾಜ್ಞರು ಪರಿಭಾವಿಸಬೇಕೆಂದು ವಿಜ್ಞಾಪಿಸಿ ವಿರಮಿಸುವೆನು.